ತೋಳಿನ ಮಾಪಕವೋ, ಮಣಿಕಟ್ಟಿನ ಮಾಪಕವೋ?

ಮನೆಯಲ್ಲೇ ರಕ್ತದೊತ್ತಡ ಅಳೆಯಲು ಉಪಕರಣ ಕೊಳ್ಳುವವರು ಮೇಲ್ದೋಳಿಗೆ ಪಟ್ಟಿ ಸುತ್ತುವ ಮಾಪಕವನ್ನೇ ಮೊದಲು ಪರಿಗಣಿಸುವುದು ಒಳಿತು. ಏಕೆಂದರೆ ಕುಳಿತು ಕೈಯನ್ನು ಮೇಜಿನ ಮೇಲಿಟ್ಟಾಗ ಮೇಲ್ದೋಳು ಬಹುತೇಕ ಹೃದಯದ ಮಟ್ಟದಲ್ಲೇ ಇರುತ್ತದೆ. ಮಣಿಕಟ್ಟಿನ ಮಾಪಕ ಹಗುರ, ಅಂಗಿಯ ತೋಳು ಮಡಚುವ ಗೋಜೂ ಇಲ್ಲ. ಆದರೆ ಮಣಿಕಟ್ಟು ಹೃದಯಕ್ಕಿಂತ ಕೆಳಗಿದ್ದರೆ ಅಂಕಿ ನಿಜಕ್ಕಿಂತ ಹೆಚ್ಚಾಗಿಯೂ, ಮೇಲಿದ್ದರೆ ಕಡಿಮೆಯಾಗಿಯೂ ಕಾಣಿಸುತ್ತದೆ. ಔಷಧದ ಪ್ರಮಾಣ ನಿರ್ಧರಿಸಲು ನೆರವಾಗಬೇಕಾದ ಅಂಕಿಯಲ್ಲಿ ಈ ಏರುಪೇರು ಸಣ್ಣದೇನಲ್ಲ.

ತೋಳಿನ ಮಾಪಕಕ್ಕೂ ಒಂದು ತೊಡಕಿದೆ: ಪಟ್ಟಿ ತೋಳಿನ ಸುತ್ತಳತೆಗೆ ಚಿಕ್ಕದಾದರೆ ಒತ್ತಡ ಹೆಚ್ಚೆಂದು ತೋರಿಸುತ್ತದೆ. ಹೊಂದುವ ಪಟ್ಟಿ ಸಿಗದಿದ್ದಾಗ ಮಾತ್ರ ಮಣಿಕಟ್ಟಿನ ಮಾಪಕ ಸಮರ್ಥನೀಯ. ಯಾವುದನ್ನೇ ಆರಿಸಿದರೂ, 5 ನಿಮಿಷ ಮಾತಿಲ್ಲದೆ ಕುಳಿತ ಬಳಿಕ, 1 ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಬರೆದಿಡಬೇಕು. ಕೆಲವು ದಿನಗಳ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಿಗೆ ತೋರಿಸಬೇಕು.