ಕ್ಯಾಪ್ಟನ್ ಹ್ಯಾಡಾಕನ ಬಾಯಾರಿಕೆ

ಹಳೆಯ ಪುಸ್ತಕ ಮಾರುವ ಜಾಲತಾಣವೊಂದರಲ್ಲಿ ‘ಉತ್ತಮ ಸ್ಥಿತಿ’ ಎಂದಿದ್ದನ್ನು ನಂಬಿ 350 ರೂಪಾಯಿ ಕಟ್ಟಿ ಒಂದು ಚಿತ್ರಕಥೆಯ ಪುಸ್ತಕ ತರಿಸಿದೆ. ಬಿಚ್ಚಿ ನೋಡಿದರೆ ಬೆನ್ನಿಗೆ ಕಂದು ಟೇಪು, ಮೂರು ಪುಟಗಳಲ್ಲಿ ಚಹಾದ ಕಲೆ. ಕಲೆಯಾಗಿದ್ದು ಸಹಾರಾದ ಪುಟಗಳಿಗೇ ಆದ್ದರಿಂದ ಮರಳಿನ ಬಣ್ಣದಲ್ಲಿ ಬೆರೆತುಹೋಗಿದೆ. ಜಗಳಕ್ಕೆ ಹೋಗಲಿಲ್ಲ.

ಪುಸ್ತಕ, ಬೆಲ್ಜಿಯಂನ ಚಿತ್ರಕಥೆಗಾರ ಎರ್ಜೆಯ ಟಿನ್‌ಟಿನ್ ಸರಣಿಯ ‘ದ ಕ್ರ್ಯಾಬ್ ವಿತ್ ದ ಗೋಲ್ಡನ್ ಕ್ಲಾಸ್’. ಜರ್ಮನರ ವಶದಲ್ಲಿದ್ದ ಬ್ರಸೆಲ್ಸ್‌ನಲ್ಲಿ 1940ರ ಅಕ್ಟೋಬರ್‌ನಿಂದ ಒಂದು ವರ್ಷ ಪತ್ರಿಕೆಯಲ್ಲಿ ಹರಿದುಬಂದ ಕಥೆ. ಏಡಿಯ ಡಬ್ಬಿಗಳಲ್ಲಿ ಅಫೀಮು ಸಾಗಿಸುವವರನ್ನು ಹುಡುಗ ವರದಿಗಾರ ಟಿನ್‌ಟಿನ್ ಪತ್ತೆಹಚ್ಚುತ್ತಾನೆ ಎಂಬುದೊಂದು ನೆಪ. ರುಚಿ ಹತ್ತುವುದು ವಿಮಾನ ಮರಳುಗಾಡಿಗೆ ಬಿದ್ದ ಮೇಲೆ. ಬೀಳಿಸಿದವನು ಈ ಕಥೆಯಲ್ಲೇ ಮೊದಲು ಕಾಣಿಸಿಕೊಳ್ಳುವ ಹಡಗಿನ ಕುಡುಕ ಕ್ಯಾಪ್ಟನ್ ಹ್ಯಾಡಾಕ್. ವಿಮಾನ ನಡೆಸುತ್ತಿರುವ ಟಿನ್‌ಟಿನ್‌ನ ತಲೆಗೆ ಅಮಲಿನಲ್ಲಿ ಬಾಟಲಿಯಿಂದ ಬಾರಿಸುತ್ತಾನೆ, ಪುಣ್ಯಾತ್ಮ.

ಮರಳುಗಾಡನ್ನು ಎರ್ಜೆ ತುಂಬಿಸಲು ಹೋಗಿಲ್ಲ. ಒಂದೆರಡು ಗೆರೆಯ ದಿಬ್ಬ, ಹಳದಿ ನೆಲ, ಒಂಟೆಯ ಎಲುಬು. ಉಳಿದದ್ದೆಲ್ಲ ದಾಹ. ಬಾಯಾರಿಕೆಯ ನಾಡು, ಬಾಯಾರಿಕೆಯ ನಾಡು ಎಂದು ಕ್ಯಾಪ್ಟನ್ ಜಪದಂತೆ ಹಲುಬುತ್ತಾ ಕಾಲೆಳೆಯುತ್ತಾನೆ. ಕೊನೆಗೆ ಟಿನ್‌ಟಿನ್ನೇ ಶಾಂಪೇನ್ ಬಾಟಲಿಯಾಗಿ ಕಂಡು, ಬಿರಡೆ ಕೀಳಲು ಹುಡುಗನ ಮೇಲೆ ಬೀಳುತ್ತಾನೆ. ಒಂಬತ್ತು ವರ್ಷದ ನನ್ನ ಅಕ್ಕನ ಮಗಳು ಇಲ್ಲಿ ಬಿದ್ದು ಬಿದ್ದು ನಕ್ಕಳು. ನನಗೆ ತುಸು ಹೆದರಿಕೆಯೇ ಆಯಿತು. ಆಮೇಲೆ ಕೇಳಿದಳು: “ಮಾಮಾ, ಅವನಿಗೆ ಬೇಕಾಗಿರುವುದು ನೀರು ತಾನೇ?” ಏನು ಹೇಳಲಿ?

ಮುಂದೆ ದಾಳಿಕೋರರ ಗುಂಡು ಅವನ ವಿಸ್ಕಿ ಬಾಟಲಿಗೆ ತಗುಲುತ್ತದೆ. ಬೈಗುಳದ ಮಳೆಗರೆಯುತ್ತಾ ಒಬ್ಬನೇ ನುಗ್ಗುತ್ತಾನೆ. ಅವರು ಓಡುವ ಆ ಒಂದು ಚಿತ್ರವನ್ನು ನಿಧಾನವಾಗಿ ನೋಡಿ: ಒಬ್ಬ ಇನ್ನೂ ನೆಲದಲ್ಲಿ, ಇನ್ನೊಬ್ಬ ಏಳುತ್ತಿದ್ದಾನೆ, ಮತ್ತೊಬ್ಬ ಓಡುತ್ತಿದ್ದಾನೆ, ಒಂದೇ ಓಟವನ್ನು ಹಲವರ ಮೈಗೆ ಹಂಚಿಟ್ಟಂತೆ. ಎರ್ಜೆಗೂ ಇದು ಅಚ್ಚುಮೆಚ್ಚಾಗಿತ್ತು. ಅವರು ಹೆದರಿದ್ದು ಕ್ಯಾಪ್ಟನ್‌ಗಲ್ಲ, ಅವನ ಹಿಂದೆ ಬಂದ ಸೈನಿಕರಿಗೆ; ಪಾಪ, ಅವನಿಗದು ಗೊತ್ತಿಲ್ಲ.

ಮರಳುಗಾಡಿನವರೆಂದರೆ ದರೋಡೆಕೋರರು, ಕಾಪಾಡುವವನು ಫ್ರೆಂಚ್ ಅಧಿಕಾರಿ ಎಂಬ ಆ ಕಾಲದ ನೋಟ ಈಗ ಚುಚ್ಚುತ್ತದೆ. ಬಂದರಿನ ಓಡಾಟ ನನಗೆ ಉದ್ದವೆನಿಸಿತು. ಆದರೆ ಕೊನೆಯ ಪುಟ ಬಿಡಬೇಡಿ. ಕ್ಯಾಪ್ಟನ್ ರೇಡಿಯೊದಲ್ಲಿ ಕುಡಿತದ ಕೆಡುಕಿನ ಬಗ್ಗೆ ಭಾಷಣ ಮಾಡುತ್ತಾ ಎದುರಿಗಿದ್ದ ಒಂದು ಲೋಟ ನೀರು ಕುಡಿಯುತ್ತಾನೆ. ಕುಸಿದು ಬೀಳುತ್ತಾನೆ.