ಫಾಸ್ಫೇಟ್ ಇಲ್ಲದ ಸೋಪಿನ ಪುಡಿ: ಪುಣೆಯಲ್ಲಿ ಮೂರು ತಿಂಗಳ ಬಳಕೆ

ಕಳೆದ ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಬಟ್ಟೆ ಒಗೆಯಲು ಕೋಥ್ರೂಡಿನ ಒಂದು ಸಣ್ಣ ಅಂಗಡಿಯ ಪುಡಿಯನ್ನು ಬಳಸುತ್ತಿದ್ದೇವೆ. ಡಬ್ಬಿಯನ್ನು ನಾವೇ ಒಯ್ದರೆ ತೂಗಿ ತುಂಬಿಸಿ ಕೊಡುತ್ತಾರೆ. ಕಿಲೋಗೆ 260 ರೂಪಾಯಿ. ಪುಡಿಯಲ್ಲಿ ಫಾಸ್ಫೇಟ್ ಇಲ್ಲವೆಂಬುದೇ ಅವರ ಮುಖ್ಯ ಹೆಗ್ಗಳಿಕೆ, ನಾನು ಕೊಂಡದ್ದೂ ಆ ಒಂದು ಮಾತಿಗಾಗಿ. ನನ್ನ ತವರು ಅಫಜಲಪುರ ತಾಲೂಕಿನಲ್ಲಿ, ಭೀಮೆಯ ದಂಡೆಗಿದೆ. ಪುಣೆಯ ಮೋರಿಯ ನೀರು ಮುಳಾ-ಮುಠಾ ನದಿಗೆ ಸೇರಿ, ಅಲ್ಲಿಂದ ಭೀಮೆಗಿಳಿದು, ಉಜನಿ ಜಲಾಶಯದಲ್ಲಿ ನಿಂತು, ಪಂಢರಪುರವನ್ನು ದಾಟಿ ಗಾಣಗಾಪುರದ ಕಡೆಗೇ ಹರಿಯುತ್ತದೆ. ನಾನಿಲ್ಲಿ ಬಕೆಟಿನಿಂದ ಚೆಲ್ಲಿದ್ದು ತವರಿನವರು ಮೀಯುವ ನದಿಗೇ ಹೋಗುತ್ತದೆ ಎಂಬುದು ತಲೆಗೆ ಹೊಕ್ಕ ಮೇಲೆ ಪುಡಿಯ ಡಬ್ಬಿಯನ್ನು ತಿರುಗಿಸಿ ಓದದೆ ಇರಲಾಗುವುದಿಲ್ಲ.

ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಪುಡಿಯ ಶಕ್ತಿ ಕುಂದದಂತೆ ನೋಡಿಕೊಳ್ಳುವುದು ಫಾಸ್ಫೇಟಿನ ಕೆಲಸ. ಆ ಕೆಲಸ ಅದು ಚೆನ್ನಾಗಿಯೇ ಮಾಡುತ್ತದೆ. ತೊಂದರೆ ಇರುವುದು ನದಿಗೆ ಹೋದ ಮೇಲೆ: ಹೊಲಕ್ಕೆ ಹಾಕಿದ ಗೊಬ್ಬರದಂತೆ ಅದು ಪಾಚಿಯನ್ನೂ ಅಂತರಗಂಗೆಯಂಥ ತೇಲುಕಳೆಯನ್ನೂ ಬೆಳೆಸುತ್ತದೆ. ಉಜನಿಯಂತಹ ನಿಂತ ನೀರಿನಲ್ಲಿ ಇದು ಇನ್ನೂ ಬೇಗ. ಪಾಚಿ ಹಗಲಿನಲ್ಲಿ ಆಮ್ಲಜನಕವನ್ನು ಕೊಟ್ಟರೂ ರಾತ್ರಿ ತಾನೇ ಹೀರುತ್ತದೆ. ಸತ್ತು ಕೊಳೆಯುವಾಗ ಉಳಿದದ್ದನ್ನು ಬ್ಯಾಕ್ಟೀರಿಯಾಗಳು ಮುಗಿಸುತ್ತವೆ. ಮೀನುಗಳು ನಸುಕಿನಲ್ಲಿ ಬಾಯಿ ತೆರೆದು ಮೇಲೆ ಬರುವುದು, ಒಮ್ಮೊಮ್ಮೆ ರಾಶಿರಾಶಿಯಾಗಿ ಸಾಯುವುದು ಇದೇ ಕಾರಣಕ್ಕೆ.

ಇನ್ನು ಒಗೆತದ ಮಾತು. ಕಾರ್ಪೊರೇಷನ್ ನೀರಿನಲ್ಲಿ ಈ ಪುಡಿ ನಿರಾಸೆಗೊಳಿಸಿಲ್ಲ. ಕಾಲರಿನ ಕೊಳೆ, ಮಕ್ಕಳ ಶಾಲೆಯ ಅಂಗಿಯ ಮಣ್ಣು ಹೋಗುತ್ತವೆ. ಎಣ್ಣೆಯ ಕಲೆಗೆ ಅರ್ಧ ಗಂಟೆ ನೆನೆಸಬೇಕು. ನೊರೆ ಕಡಿಮೆ. ಊರಿನಿಂದ ಬಂದಿದ್ದ ನಮ್ಮವ್ವ ಬಕೆಟಿಗೆ ಕೈ ಹಾಕಿ, "ಇದರಾಗ ನೊರಿನೇ ಬರಂಗಿಲ್ಲಲ್ಲ, ಹೊಲಸು ಹೋಗ್ತದೇನು?" ಎಂದು ಕೇಳಿದಳು, ಒಣಗಿದ ಸೀರೆಯನ್ನು ನೋಡಿದ ಮೇಲೆ ಸುಮ್ಮನಾದಳು. ಆದರೆ ಬೇಸಿಗೆಯಲ್ಲಿ ಸೊಸೈಟಿಗೆ ಟ್ಯಾಂಕರ್ ನೀರು ಬಂದಾಗ ಲೆಕ್ಕ ತಪ್ಪಿತು. ಆ ಗಡಸು ನೀರಿನಲ್ಲಿ ಬಿಳಿ ಬಟ್ಟೆಗಳು ಮಂಕಾದವು, ಟವೆಲುಗಳು ಒರಟಾದವು, ಪುಡಿ ಒಂದೂವರೆ ಪಟ್ಟು ಖರ್ಚಾಯಿತು. ಫಾಸ್ಫೇಟಿನ ಬದಲು ಇದರಲ್ಲಿರುವ ಸಿಟ್ರೇಟ್ ಅಷ್ಟು ಗಡಸುತನಕ್ಕೆ ಸಾಲದೆಂದು ಕಾಣುತ್ತದೆ.

ನನ್ನ ನಿಜವಾದ ತಕರಾರು ಅಂಗಡಿಯ ಗೋಡೆಯ ಚಿತ್ರಪಟದ ಮೇಲೆ. ಪುಣೆಯ ಬಳಿಯ ಆಳಂದಿಯಲ್ಲಿ ಇಂದ್ರಾಯಣಿ ನದಿಯ ಮೇಲೆ ತೇಲುವ ಬಿಳಿ ನೊರೆಯನ್ನು ತೋರಿಸಿ, ಫಾಸ್ಫೇಟ್ ಬಿಟ್ಟರೆ ಇದು ನಿಲ್ಲುತ್ತದೆ ಎಂಬರ್ಥದಲ್ಲಿ ಬರೆದಿದ್ದಾರೆ. ಇದು ಸರಿಯಲ್ಲ. ಸೋಪಿನ ಪುಡಿಯಿಂದ ಬರುವ ನೊರೆಗೆ ಕಾರಣ ಫಾಸ್ಫೇಟ್ ಅಲ್ಲ, ಕೊಳೆಯನ್ನು ಬಿಡಿಸುವ ಸರ್ಫ್ಯಾಕ್ಟೆಂಟ್. ಅದು ಈ ಪುಡಿಯಲ್ಲೂ ಇದೆ. ಇದರಲ್ಲಿರುವುದು ತೆಂಗಿನೆಣ್ಣೆಯಿಂದ ಮಾಡಿದ್ದು ಎನ್ನುತ್ತಾರೆ, ಒಳ್ಳೆಯದೇ. ಸಾಮಾನ್ಯ ಪುಡಿಗಳಲ್ಲಿನ ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೊನೇಟ್ ಎಂಬ ಸರ್ಫ್ಯಾಕ್ಟೆಂಟ್ ಗಾಳಿಯಾಡುವ ನೀರಿನಲ್ಲಿ ಬ್ಯಾಕ್ಟೀರಿಯಾಗಳಿಂದ ಬೇಗ ಒಡೆದು ಹೋಗುತ್ತದೆ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಹಾಗೆಯೇ ಉಳಿಯುತ್ತದೆ. ಯಾವ ಸರ್ಫ್ಯಾಕ್ಟೆಂಟೇ ಆಗಲಿ, ಹೆಚ್ಚಾದರೆ ಮೀನಿನ ಕಿವಿರುಗಳಿಗೆ ಪೆಟ್ಟು ಕೊಡುತ್ತದೆ. ಮೇಲಾಗಿ, ನದಿಗೆ ಸೇರುವ ರಂಜಕದಲ್ಲಿ (ಫಾಸ್ಫೇಟಿನೊಳಗಿನ ಫಾಸ್ಫರಸ್) ಮನುಷ್ಯರ ಮಲಮೂತ್ರದ ಪಾಲೂ ದೊಡ್ಡದು. ಶುದ್ಧೀಕರಿಸದ ಕೊಳಚೆ ಹರಿಯುತ್ತಿರುವವರೆಗೆ ನನ್ನ ಒಂದು ಡಬ್ಬಿ ಪುಡಿಯಿಂದ ಆಗುವುದು ಅಲ್ಪವೇ.

ಆ ಗೋಡೆಯ ಮೇಲೆ ನೊರೆಯ ಬದಲು ಒಂದು ಮೀನಿನ ಚಿತ್ರವಿರಬಹುದಿತ್ತು. ದಖ್ಖನಿನ ಮಹಶೀರ್ ಮೀನನ್ನು ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಪೂರ್ವಕ್ಕಿರುವ ಇದೇ ಮುಳಾ-ಮುಠಾ ನದಿಯಿಂದ. ತಿಳಿನೀರು, ಧಾರಾಳ ಆಮ್ಲಜನಕ ಬೇಡುವ ಜಾತಿ ಅದು. ಇಂದು ಸೇತುವೆಯ ಮೇಲಿಂದ ಬಗ್ಗಿ ನೋಡಿದರೆ ಕಾಣುವುದು ಕಪ್ಪು ನೀರು, ಅಂತರಗಂಗೆ; ಅಂಥದರಲ್ಲೂ ಬದುಕುವ ಗಟ್ಟಿಜೀವ ತಿಲಾಪಿಯಾ.

ಮುಂದಿನ ಡಬ್ಬಿಗೂ ನಾನು ಅದೇ ಅಂಗಡಿಗೆ ಹೋಗುವವಳು. ಟ್ಯಾಂಕರ್ ನೀರಿನ ತಿಂಗಳುಗಳಲ್ಲಿ ಮಾತ್ರ ಬಿಳಿ ಬಟ್ಟೆಗಳನ್ನು ಇದರಲ್ಲಿ ಒಗೆಯುವುದಿಲ್ಲ.