ಲಂಡನ್ ಸುರಂಗ ರೈಲಿನ ಹಳೆಯ ನಕ್ಷೆ: ಮುದ್ರಣ ಮತ್ತು ಕಟ್ಟು

ದೇವರಾಜ ಅರಸು ರಸ್ತೆಯ ಅಡ್ಡರಸ್ತೆಯೊಂದರಲ್ಲಿ ಹಳೆಯ ನಕ್ಷೆಗಳನ್ನು ಮುದ್ರಿಸಿ ಕಟ್ಟು ಹಾಕಿಕೊಡುವ ಅಂಗಡಿಯಿದೆ. ಹ್ಯಾರಿ ಬೆಕ್ ರಚಿಸಿದ ಲಂಡನ್ ಸುರಂಗ ರೈಲಿನ 1933ರ ನಕ್ಷೆಯ ಪ್ರತಿಯನ್ನು ಕಳೆದ ತಿಂಗಳು ಅಲ್ಲಿ 900 ರೂಪಾಯಿಗೆ ಕೊಂಡೆ. ಮುದ್ರಣ ಅಚ್ಚುಕಟ್ಟಾಗಿದೆ. ಪಿಕಾಡಿಲಿ ಮಾರ್ಗದ ನೀಲಿಯಾಗಲಿ ಡಿಸ್ಟ್ರಿಕ್ಟ್ ಮಾರ್ಗದ ಹಸಿರಾಗಲಿ ಎಲ್ಲಿಯೂ ಹರಡಿಕೊಂಡಿಲ್ಲ. ನಿಲ್ದಾಣಗಳನ್ನು ಸೂಚಿಸುವ ಪುಟ್ಟ ಗೀಟುಗಳ ಪಕ್ಕದ ಹೆಸರುಗಳನ್ನು ಕನ್ನಡಕವಿಲ್ಲದೆ ಓದಬಹುದು. ಥೇಮ್ಸ್ ನದಿಯ ಗೆರೆ ಮಾತ್ರ ಮಸುಕಾಗಿದೆ. ನೆಲದ ಮೇಲಿನ ಸಂಗತಿಗಳಲ್ಲಿ ಬೆಕ್ ಉಳಿಸಿಕೊಂಡದ್ದು ಅದೊಂದನ್ನೇ ಆದ್ದರಿಂದ ಅದು ಸ್ಪಷ್ಟವಾಗಿರಬೇಕಿತ್ತು.

1863ರ ಜನವರಿ 10ರಂದು ಪ್ಯಾಡಿಂಗ್ಟನ್ ಮತ್ತು ಫ್ಯಾರಿಂಗ್ಡನ್ ನಡುವೆ ಜನರನ್ನು ಹೊತ್ತ ಮೊದಲ ಗಾಡಿ ನೆಲದಡಿ ಓಡಿದ್ದು ಉಗಿ ಎಂಜಿನ್ನಿನಿಂದ. ಬೀದಿಯನ್ನು ಅಗೆದು, ಹಳಿ ಹಾಕಿ, ಮೇಲೆ ಮುಚ್ಚಿದ ಆ ಸುರಂಗದಲ್ಲಿ ಹೊಗೆಯೇ ದೊಡ್ಡ ತೊಂದರೆಯಾಗಿತ್ತು. ಆಳದ ಸುರಂಗದಲ್ಲಿ ವಿದ್ಯುತ್ ಗಾಡಿ ಬಂದದ್ದು 1890ರಲ್ಲಿ. ಬೇರೆ ಬೇರೆ ಕಂಪನಿಗಳು ಹಾಕಿದ ಹಳಿಗಳ ಅಂಕುಡೊಂಕುಗಳನ್ನೆಲ್ಲ ಇದ್ದ ಹಾಗೆಯೇ ತೋರಿಸುತ್ತಿದ್ದ ನಕ್ಷೆಗಳಲ್ಲಿ ನಗರದ ನಡುಭಾಗ ಗೋಜಲಾಗಿ ಕಾಣುತ್ತಿತ್ತು. ಸಿಗ್ನಲ್ ಕಚೇರಿಯಲ್ಲಿ ನಕ್ಷೆಗಾರರಾಗಿ ದುಡಿದಿದ್ದ ಬೆಕ್ 1931ರಲ್ಲಿ ಅಡ್ಡ, ಉದ್ದ ಮತ್ತು 45 ಡಿಗ್ರಿ ಓರೆ ಗೆರೆಗಳನ್ನಷ್ಟೇ ಬಳಸಿ ಅದನ್ನು ಬಿಡಿಸಿದರು. ಮೈಸೂರಿನಿಂದ ಬೆಂಗಳೂರಿಗೆ ಹೊರಟವರಿಗೂ ಶ್ರೀರಂಗಪಟ್ಟಣ ಕಳೆದ ಮೇಲೆ ಮಂಡ್ಯ, ಆಮೇಲೆ ಮದ್ದೂರು ಎಂಬ ಕ್ರಮ ಬೇಕೇ ಹೊರತು ಹಳಿ ಎಲ್ಲಿ ಎಷ್ಟು ತಿರುಗಿತೆಂಬ ಲೆಕ್ಕವಲ್ಲ. ಮೊದಲು ತಿರಸ್ಕೃತವಾದ ಈ ನಕ್ಷೆ 1933ರಲ್ಲಿ ಜನರ ಜೇಬಿಗೆ ಬಂತು.

ನನಗೆ ನೋವಾದದ್ದು ಕಟ್ಟಿನ ವಿಷಯದಲ್ಲಿ. ಸುತ್ತಲಿನ ಬಿಳಿ ಬೋರ್ಡು ಕೆಳಗಿನ ಎಡಮೂಲೆಯನ್ನು ಮುಚ್ಚಿತ್ತು. ಬೆಕ್ ಅವರ ಹೆಸರಿರುವುದು ಅಲ್ಲಿಯೇ. 1960ರಲ್ಲಿ ಲಂಡನ್ ಸಾರಿಗೆ ಸಂಸ್ಥೆ ಅವರನ್ನು ಕೈಬಿಟ್ಟು ಬೇರೊಬ್ಬರ ನಕ್ಷೆಯನ್ನು ಅಚ್ಚು ಹಾಕಿಸಿತು. ಅದರಲ್ಲಿ ಬೆಕ್ ಅವರ ಹೆಸರಿರಲಿಲ್ಲ. 1974ರಲ್ಲಿ ಅವರು ತೀರಿಕೊಂಡರು. ಈಗಿನ ನಕ್ಷೆಗಳಲ್ಲಿ ಅವರ ಹೆಸರು ಮತ್ತೆ ಅಚ್ಚಾಗುತ್ತಿರುವಾಗ ನನ್ನ ಗೋಡೆಯ ಮೇಲೆ ಅದು ಮರೆಯಾಗಿರುವುದನ್ನು ಒಪ್ಪಲಾಗಲಿಲ್ಲ. ಮೂಲೆಯನ್ನು ತೋರಿಸಿದಾಗ ಅಂಗಡಿಯ ಹಿರಿಯರು, "ಪ್ರೆಸ್ಸಿನ ಹೆಸರು ಅಂದ್ಕೊಂಡಿದ್ದೆ ಸ್ವಾಮಿ" ಎಂದು ಹೇಳಿ, ಬೋರ್ಡನ್ನು ಕಾಲು ಇಂಚು ಹಿಂದಕ್ಕೆ ಕತ್ತರಿಸಿ, ಮೂರನೆಯ ದಿನ ಹೊಸದಾಗಿ ಕಟ್ಟು ಹಾಕಿ ಕೊಟ್ಟರು. ಅದಕ್ಕೆ ಹಣ ಕೇಳಲಿಲ್ಲ. ಇದೇ ನಕ್ಷೆಯನ್ನು ಕೊಳ್ಳುವವರು ಕಟ್ಟು ಹಾಕುವ ಮೊದಲೇ ಆ ಮೂಲೆಯನ್ನು ತೋರಿಸಿ ಹೇಳಿಬಿಡುವುದು ಒಳ್ಳೆಯದು.